ಧಾಟಿ ಊರಿಂದು, ದನಿ ಅವಳದು

ಕಸೂತಿ ಅಂದರೆ ಹೊತ್ತು ಹೋಗದ ಹೆಂಗಸರ ಕೆಲಸ ಅನ್ನೋ ಮಾತು ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯಲ್ಲಿ ಈಗಲೂ ಐತೆ. ಹೊತ್ತು ಹೋಗದ ಹೆಂಗಸು ನಮ್ಮ ಹಳ್ಳಿಗಳಲ್ಲಿ ಎಲ್ಲಿದ್ದಾಳೆ ಅಂತ ನಾನು ಇನ್ನೂ ಹುಡುಕ್ತಾ ಇದ್ದೀನಿ. ಹಸು ಕರೆದು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ಹೊಲದಲ್ಲಿ ಕಳೆ ಕಿತ್ತು, ಮನೆಯವರಿಗೆಲ್ಲ ಮುದ್ದೆ ತಿರುವಿ ಹಾಕಿ, ಎಲ್ಲರೂ ಮಲಗಿದ ಮೇಲೆ ದೀಪದ ಕೆಳಗೆ ಸೂಜಿ ಹಿಡಿದವಳು ಹೊತ್ತು ಹೋಗದೆ ಹಿಡಿದಳು ಅಂದರೆ ಯಾರು ನಂಬ್ತಾರೆ? ಅವಳಿಗೆ ಏನೋ ಹೇಳೋದಿತ್ತು. ಕೇಳೋ ಕಿವಿ ಮನೆಯಲ್ಲಿ ಇರಲಿಲ್ಲ. ಬಟ್ಟೆಗೆ ಹೇಳಿದಳು.

ಈ ಬರಹದಲ್ಲಿ ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಕೈಕಸೂತಿಯನ್ನು ನಾವು ಪದ ಕೇಳಿದಂಗೆ ಕೇಳಬೇಕು, ಪದ ತೂಗಿದಂಗೆ ತೂಗಬೇಕು, ಪದಗಾರನ ಹೆಸರು ಹೇಳಿದಂಗೆ ಹೊಲಿದವಳ ಹೆಸರು ಹೇಳಬೇಕು.

ನಾನು ಏಳನೇ ಕ್ಲಾಸು ಓದಿದ ರೈತ. ರಾಗಿ, ಅವರೆ, ಒಂದಿಷ್ಟು ಹಿಪ್ಪುನೇರಳೆ ಬೆಳೆಯೋನು. ಚಿಕ್ಕಂದಿನಿಂದ ತತ್ವಪದ, ಸೋಬಾನೆ, ಕೋಲಾಟದ ಪದ ಹಾಡ್ಕೊಂಡು ಬಂದವನು. ವಿಮರ್ಶೆ ಅನ್ನೋದು ಮೇಷ್ಟ್ರುಗಳ ಮಾತು. ಆದರೆ ಪದ ಹಾಡೋರಿಗೆ ಒಂದು ಕಿವಿ ಇರುತ್ತೆ. ಎರಡು ಸೊಲ್ಲು ಕೇಳಿದ ಕೂಡಲೇ ಇದು ಬರೀ ಬಾಯಿಪಾಠದ್ದೋ, ಒಳಗಿಂದ ಬಂದದ್ದೋ ಅಂತ ತಿಳಿಯುತ್ತೆ. ಆ ಕಿವಿಯನ್ನೇ ಇಲ್ಲಿ ಕಣ್ಣು ಮಾಡ್ಕೊಂಡಿದ್ದೀನಿ.

ಮೊದಲು ನಮ್ಮ ಮನೆಗಳಲ್ಲಿ ಏನೈತೆ ನೋಡೋಣ. ನಲವತ್ತು ಐವತ್ತು ವರ್ಷದ ಹಿಂದೆ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಟ್ರಂಕಿನಲ್ಲಿ ದಿಂಬಿನ ಕವರು ಇರ್ತಿತ್ತು. ಎರಡು ಗಿಳಿ, ನಡುವೆ ಗುಲಾಬಿ, ಕೆಳಗೆ 'ಗುಡ್ ನೈಟ್' ಅನ್ನೋ ಮಾತು. ಗೋಡೆಯ ಮೇಲೆ ಗಾಜು ಹಾಕಿಸಿದ ಚೌಕಟ್ಟಿನಲ್ಲಿ 'ಸುಸ್ವಾಗತ'. ಗಿಳಿಯನ್ನು ಕಾರ್ಬನ್ ಕಾಗದ ಇಟ್ಟು ಒಬ್ಬರಿಂದ ಒಬ್ಬರು ಇಳಿಸ್ಕೊಳ್ತಿದ್ದರು. ಹಂಗಾಗಿ ಊರಿಗೆಲ್ಲ ಒಂದೇ ಗಿಳಿ. ಓದಿದವರು ಇದನ್ನು ನೋಡಿ ನಕಲು ಅಂತ ಪಕ್ಕಕ್ಕೆ ಸರಿಸ್ತಾರೆ. ಇವುಗಳಲ್ಲಿ ತುಂಬಾ ಕವರುಗಳು ಬರೀ ನಕಲೇ, ಅದನ್ನು ನಾನೂ ಒಪ್ಪುತೀನಿ. ಅಚ್ಚು ಎಲ್ಲಿ ಹೇಳ್ತೋ ಅಲ್ಲಿ ದಾರ ಹೋಗೈತೆ, ಅಷ್ಟೇ. ಆದರೆ ನಮ್ಮ ಬೀದಿಯ ಒಂದು ಮನೆಯಲ್ಲಿ 'ಸುಸ್ವಾಗತ'ದ ವ ಒತ್ತು ಬಿದ್ದುಹೋಗಿ 'ಸುಸಾಗತ' ಅಂತ ಐತೆ. ಗಿಳಿಗಳೂ ಬೇರೆ ಥರ. ಬೇರೆ ಮನೆಯ ಗಿಳಿಗಳು ಒಂದರ ಮುಖ ಒಂದು ನೋಡ್ತವೆ. ಇಲ್ಲಿ ಎರಡೂ ಬಾಗಿಲ ಕಡೆ ನೋಡ್ತವೆ. ಹೊಲಿದವಳು ಎರಡು ವರ್ಷ ಮಾತ್ರ ಕನ್ನಡ ಸ್ಕೂಲಿಗೆ ಹೋದವಳು. ಬಾಯಲ್ಲಿ ಹೆಂಗೆ ಅಂತಿದ್ದಳೋ ಹಂಗೇ ಹೊಲಿದಿದ್ದಾಳೆ. ಗಿಳಿ ಬಾಗಿಲ ಕಡೆ ನೋಡಿದ್ದು ಅವಳ ಸ್ವಂತದ್ದು. ಬರೋರನ್ನು ಬಾ ಅನ್ನೋ ಬಟ್ಟೆಯಲ್ಲಿ ಗಿಳಿ ಬಾಗಿಲು ನೋಡದೆ ಎಲ್ಲಿ ನೋಡಬೇಕು?

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಪಹಣಿ ಎಲ್ಲ ತಮಿಳು. ಅದರ ಬಗ್ಗೆ ಇಲ್ಲಿ ಜಗಳ ಇಲ್ಲ, ನಾವೂ ತಮಿಳು ಆಡೋರೇ. ಆದರೆ ಎಷ್ಟೋ ಮನೆಗಳಲ್ಲಿ ಕನ್ನಡದ ನಾಲ್ಕಕ್ಷರ ಉಳಿದಿರೋದು ಇಂಥಾ ಬಟ್ಟೆಯ ಮೇಲೆ ಮಾತ್ರ. ಪುಸ್ತಕ ಇಲ್ಲದ ಮನೆಯಲ್ಲಿ ಗೋಡೆಯೇ ಪುಸ್ತಕ. ಚೌಕಟ್ಟು ಹುಳ ಹಿಡೀತು ಅಂತ ತಿಪ್ಪೆಗೆ ಹಾಕೋವಾಗ ನಾವು ಏನನ್ನು ಹಾಕ್ತಾ ಇದ್ದೀವಿ ಅಂತ ಒಂದು ಗಳಿಗೆ ಯೋಚಿಸಬೇಕು.

ಮುಂದಿನದು ಬೊಂತೆ. ಧಾರವಾಡದ ಕಡೆ ಕೌದಿ ಅಂತಾರೆ. ಹಳೇ ಸೀರೆ, ಪಂಚೆ, ಅಂಗಿ ಎಲ್ಲ ಪದರ ಪದರವಾಗಿ ಹಾಸಿ, ಉದ್ದಕ್ಕೂ ಕೈಹೊಲಿಗೆ ಓಡಿಸಿ ಮಾಡೋ ಹೊದಿಕೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಇದನ್ನು ಕವಂದಿ ಅಂತಾರೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ, ಮೂಲೆಗಳಿಗೆ ಬಟ್ಟೆ ಮಡಿಸಿದ ಹೂವು ಇಡ್ತಾರೆ. ಹೂವು ಇಲ್ಲದಿದ್ದರೆ ಕವಂದಿ ಪೂರ್ತಿಯಾಗಲಿಲ್ಲ ಅಂತ ಅವರ ಲೆಕ್ಕ. ಮೂಲೆಯ ಹೂವಿನಿಂದ ಚಳಿ ತಡೆಯಲ್ಲ. ಆದರೂ ಬೇಕು. ಯಾವುದು ಕೆಲಸಕ್ಕೆ ಬಾರದಿದ್ದರೂ ಬೇಕೇ ಬೇಕು ಅನ್ನಿಸುತ್ತೋ ಅಲ್ಲಿ ಮನುಷ್ಯರ ಮನಸ್ಸು ಇರುತ್ತೆ. ನಮ್ಮ ಪದಗಳಲ್ಲಿ ಸೊಲ್ಲಿನ ಕೊನೆಗೆ ಅರ್ಥವಿಲ್ಲದ ಒಂದು ಎಳೆತ ಬರುತ್ತಲ್ಲ, ಅದನ್ನು ತೆಗೆದರೆ ಪದ ಸತ್ತುಹೋಗುತ್ತೆ. ಈ ಹೂವೂ ಹಂಗೇ.

ನಾನು ನೋಡಿದ ಒಳ್ಳೇ ಬೊಂತೆ ನಮ್ಮ ಪಕ್ಕದ ಊರಿನ ಮುದುಕಿಯೊಬ್ಬಳದು. ಒಂದು ಕಡೆ ಪೂರಾ ಕಾಕಿ ಬಣ್ಣದ ತುಂಡುಗಳು, ಮಗ ಕಾರ್ಖಾನೆಗೆ ಹಾಕ್ಕೊಂಡು ಹೋಗ್ತಿದ್ದ ಅಂಗಿಯವು. ಅದರ ನಡುವೆ ಅಂಗೈಯಷ್ಟು ಕೆಂಪು ರೇಷ್ಮೆ, ಅವಳ ಧಾರೆ ಸೀರೆಯ ಸೆರಗು. ಇನ್ನೆಲ್ಲೂ ಕೆಂಪು ಇಲ್ಲ. ಹೊಲಿಗೆ ಆ ಕೆಂಪಿನ ಹತ್ತಿರ ಬಂದಾಗ ಸಣ್ಣದಾಗುತ್ತೆ, ದಾಟಿದ ಮೇಲೆ ಮತ್ತೆ ಉದ್ದ. ಯಾಕೆ ಹಿಂಗೆ ಅಂದರೆ ಅವಳು, ಅಲ್ಲಿ ಹರಿದು ಹೋಗಬಾರದಪ್ಪ ಅಂದಳು. ಅದರ ಪಕ್ಕದಲ್ಲಿ ಅಂಗಡಿಯಿಂದ ತಂದ ಹೊಸಾ ರಜಾಯಿ ಇಟ್ಟಿದ್ದರು. ಅದು ಬೆಚ್ಚಗಿದೆ, ಹಗುರ ಇದೆ, ಅದರ ಮೇಲೆ ಕುಂತವರ ಜೊತೆ ಅದು ಒಂದು ಮಾತೂ ಆಡಲ್ಲ.

ಈಗ ಎಲ್ಲರೂ ಹೆಸರು ಕೇಳಿರೋ ಧಾರವಾಡದ ಕಸೂತಿಗೆ ಬರ್ತೀನಿ. ಇದರಲ್ಲಿ ನಾಲ್ಕು ಥರ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರಕೊಳ್ಳೋದಿಲ್ಲ. ನೆಯ್ಗೆಯ ಎಳೆ ಎಣಿಸ್ತಾ ಹೋಗಬೇಕು. ಇಷ್ಟು ಎಳೆ ಬಿಟ್ಟು ಇಷ್ಟು ಎಳೆ ಹಿಡಿ, ಅದೇ ಲೆಕ್ಕ. ಗಂಟು ಹಾಕೋಹಂಗಿಲ್ಲ. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಗೋಪುರ, ತೇರು, ತುಳಸಿ ಕಟ್ಟೆ, ಆನೆ, ಅಂಬಾರಿ, ನವಿಲು, ತೊಟ್ಟಿಲು, ಇವು ಅದರ ಚಿತ್ರಗಳು. ಮದುಮಗಳಿಗೆ ಕೊಡೋ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಇದನ್ನು ತುಂಬ್ತಿದ್ದರು. 2006ರಲ್ಲಿ ಈ ಕಸೂತಿಗೆ ಜಿಐ ಅನ್ನೋ ಸರ್ಕಾರದ ಗುರುತೂ ಸಿಕ್ಕಿತು. ಅಂದರೆ ಧಾರವಾಡ ಸೀಮೆಯ ಹೆಸರನ್ನು ಬೇರೆಯವರು ತಮ್ಮ ಮಾಲಿಗೆ ಅಂಟಿಸೋಹಂಗಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ. ಹೊಲಿಗೆ ನಾಲ್ಕೇ, ಚಿತ್ರ ಹಿಂದಿನವರು ಕೊಟ್ಟದ್ದೇ, ಎಳೆಯ ಲೆಕ್ಕ ತಪ್ಪೋಹಂಗಿಲ್ಲ. ಹಂಗಾದರೆ ಹೊಲಿದವಳದ್ದು ಅಂತ ಏನಿದೆ? ಪೇಟೆಯಲ್ಲಿ ಕಲೆ ಕಲಿತವರು ಹೇಳ್ತಾರೆ, ಹಳೇ ಕಸೂತಿಯಲ್ಲಿ ಸ್ವಂತಿಕೆ ಇಲ್ಲ, ಈಗಿನವರು ಬಟ್ಟೆಯ ಮೇಲೆ ತಮ್ಮ ಮುಖ, ತಮ್ಮ ಮಾತು, ತಮ್ಮ ನೋವು ಹೊಲೀತಾರಲ್ಲ, ಅದು ಸ್ವಂತದ್ದು ಅಂತ. ಇದನ್ನು ನಾನು ಅರ್ಧ ಒಪ್ಪುತೀನಿ, ಅರ್ಧ ಒಪ್ಪಲ್ಲ.

ಒಪ್ಪದ ಅರ್ಧಕ್ಕೆ ಕಾರಣ ನಮ್ಮ ಪದಗಳು. ಸೋಬಾನೆಯ ಧಾಟಿ ನನ್ನದಲ್ಲ, ಊರಿಂದು. ಮಾತೂ ಹೆಚ್ಚುಕಮ್ಮಿ ಹಿಂದಿನವರದ್ದೇ. ಆದರೂ ಅದೇ ಪದವನ್ನು ಇಬ್ಬರು ಹೆಂಗಸರು ಹಾಡಿದರೆ ಎರಡು ಪದ ಆಗುತ್ತೆ. ಒಬ್ಬಳು ಹೆಣ್ಣು ಒಪ್ಪಿಸೋ ಕಡೆ ದನಿ ಇಳಿಸ್ತಾಳೆ. ಇನ್ನೊಬ್ಬಳು ಅಲ್ಲೇ ಏರಿಸ್ತಾಳೆ, ಯಾಕಂದರೆ ಅವಳ ಮಗಳು ಹೋದ ಮನೆ ಚೆನ್ನಾಗಿರಲಿಲ್ಲ. ಧಾಟಿ ಕಟ್ಟಾಗಿರೋದರಿಂದಲೇ ಸಣ್ಣ ಏರಿಳಿತ ಕಿವಿಗೆ ಬೀಳೋದು. ಕಸೂತಿಯಲ್ಲೂ ತೇರು ಎಲ್ಲರದ್ದೂ. ತೇರಿನ ಪಕ್ಕ ತೊಟ್ಟಿಲು ಇಡೋದೋ, ಆನೆ ಇಡೋದೋ, ಕಪ್ಪಿನ ಮೇಲೆ ಎಷ್ಟು ಕೆಂಪು, ಎಷ್ಟು ಜಾಗ ಖಾಲಿ ಬಿಡೋದು, ಇದು ಅವಳದು. ಅದು ಕಾಣಬೇಕಾದರೆ ನಮಗೆ ತೇರಿನ ಪರಿಚಯ ಇರಬೇಕು. ಪದ ಗೊತ್ತಿಲ್ಲದವನಿಗೆ ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತೆ.

ಇನ್ನು ಬಟ್ಟೆಯ ಹಿಂಬದಿ. ನೀಲಗಿರಿಯ ತೋಡರು ಬಿಳೀ ಬಟ್ಟೆಯ ಮೇಲೆ ಕೆಂಪು ಕಪ್ಪು ದಾರದಲ್ಲಿ ಎಳೆ ಎಣಿಸಿ ಕಸೂತಿ ಹಾಕ್ತಾರೆ. ಅವರದ್ದಕ್ಕೆ 2013ರಲ್ಲಿ ಜಿಐ ಸಿಕ್ಕಿತು. ನಾವು ಒರಟು ಮಗ್ಗುಲು ಅಂತ ಒಳಕ್ಕೆ ಮಡಿಸೋದನ್ನೇ ಅವರು ಸರಿಯಾದ ಮಗ್ಗುಲು ಅಂತ ಎಣಿಸ್ತಾರೆ. ಇದು ನನಗೆ ಬಹಳ ಹಿಡಿಸಿತು. ಯಾವ ಕಸೂತಿಯನ್ನಾದರೂ ತೂಗಬೇಕಾದರೆ ತಿರುಗಿಸಿ ನೋಡಿ. ದಾರ ಎಲ್ಲಿ ಅವಸರ ಪಟ್ಟಿತು, ಎಲ್ಲಿ ಬಿಚ್ಚಿ ಮತ್ತೆ ಹಾಕಿದರು, ಎಲ್ಲಿ ದಾರ ಸಾಲದೆ ಬೇರೆ ಬಣ್ಣ ಸೇರಿಸಿದರು, ಎಲ್ಲ ಅಲ್ಲಿ ಬರೆದಿರುತ್ತೆ.

ಒಪ್ಪುವ ಅರ್ಧಕ್ಕೆ ಈಗ ಬರ್ತೀನಿ. ಧಾಟಿಯೇ ಮರೆತುಹೋದರೆ ದನಿ ಎಲ್ಲಿ ಕೂತ್ಕೊಳ್ಳಬೇಕು? ಇದಕ್ಕೆ ದೂರ ಹೋಗಬೇಕಾಗಿಲ್ಲ. ಹರೂರು ಕಡೆ ಸಿಟ್ಟಿಲಿಂಗಿ ಕಣಿವೆ ಇದೆ, ಧರ್ಮಪುರಿ ಜಿಲ್ಲೆ. 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆ ಆಗೋವರೆಗೂ ನಮ್ಮದೂ ಅದೇ ಜಿಲ್ಲೆ. ಅಲ್ಲಿ ಲಂಬಾಣಿ ತಾಂಡಗಳಿವೆ. ಹಿಂದೆ ಅವರ ಹೆಂಗಸರ ಲಂಗ, ರವಿಕೆ, ಸೆರಗು ಎಲ್ಲ ಕನ್ನಡಿ, ಕವಡೆ, ಬಣ್ಣದ ದಾರದಿಂದ ತುಂಬಿರ್ತಿತ್ತು. ಆ ಉಡುಪು ಬಿಟ್ಟು ಸೀರೆ ಉಟ್ಟ ಮೇಲೆ ಸೂಜಿಯೂ ಬಿಟ್ಟುಹೋಯ್ತು. ಹೊಸ ತಲೆಮಾರಿಗೆ ಬರ್ತಿರಲಿಲ್ಲ, ಬಲ್ಲ ಮುದುಕಿಯರು ಬೆರಳೆಣಿಕೆಯಷ್ಟು. ಆ ಕಣಿವೆಯಲ್ಲಿ 1993ರಿಂದ ಆಸ್ಪತ್ರೆ ನಡೆಸ್ಕೊಂಡು ಬಂದ ಡಾಕ್ಟರ್ ದಂಪತಿ ರೆಜಿ ಮತ್ತು ಲಲಿತಾ ಅವರು. ಲಲಿತಾ ಅವರ ಬೆಂಬಲದಲ್ಲಿ ಈ ಹೆಂಗಸರು ಒಟ್ಟುಗೂಡಿ, ಮುದುಕಿಯರಿಂದ ಹೊಲಿಗೆ ಮತ್ತೆ ಕಲಿತು, 'ಪೊರ್ಗೈ' ಅಂತ ಸಂಘ ಕಟ್ಟಿದರು. ಅವರ ಮಾತಿನಲ್ಲಿ ಪೊರ್ಗೈ ಅಂದರೆ ಹೆಮ್ಮೆ.

ಆ ಹೆಸರು ಸುಮ್ಮನೆ ಇಟ್ಟಿದ್ದಲ್ಲ. ಊರವರು ನಗ್ತಾರೆ ಅಂತ ತೆಗೆದಿಟ್ಟ ಉಡುಪಿನ ಹೊಲಿಗೆಗೆ ಹೆಮ್ಮೆ ಅಂತ ಹೆಸರಿಡೋಕೆ ಎದೆ ಬೇಕು. ಅವರ ಕೆಲಸದ ಒಂದು ಚೀಲವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೀನಿ. ಸಾಲು ನೇರವಾಗಿದೆ, ಬಣ್ಣ ಸೌಮ್ಯ, ಪೇಟೆಯವರಿಗೆ ಒಪ್ಪುವಂಥದ್ದು. ಅದು ಚೆಂದ. ಆದರೆ ನನ್ನ ತಕರಾರು ಒಂದಿದೆ. ಹಳೇ ಲಂಬಾಣಿ ಉಡುಪು ಬಿಸಿಲಲ್ಲಿ ಮೈಲಿ ದೂರಕ್ಕೆ ಕೂಗಿ ಹೇಳ್ತಿತ್ತು, ನಾನು ಬರ್ತಾ ಇದ್ದೀನಿ ಅಂತ. ಚೀಲದ ಹೊಲಿಗೆ ಮೆತ್ತಗೆ ಮಾತಾಡುತ್ತೆ. ಕೊಳ್ಳೋರ ಕಣ್ಣಿಗೆ ತಕ್ಕಂಗೆ ದನಿ ಇಳಿಸಿದ್ದಾರೆ. ನಾವೂ ಟೀವಿಯವರು ಬಂದಾಗ ಎರಡು ಗಂಟೆಯ ಪದವನ್ನು ಮೂರು ನಿಮಿಷ ಹಾಡ್ತೀವಿ. ಹೊಟ್ಟೆಪಾಡಿಗೆ ಅದು ತಪ್ಪಲ್ಲ. ಆದರೆ ಮನೆಯಲ್ಲಿ ಪೂರಾ ಪದ ಹಾಡೋರು ಒಬ್ಬರಾದರೂ ಇರಬೇಕು. ಆರ್ಡರಿಗೆ ನೂರು ಚೀಲ ಹೊಲಿದವಳು ತನ್ನ ಮಗಳಿಗೆ ಅಂತ ಒಂದು ಹೊಲಿದರೆ ಆ ಒಂದರಲ್ಲಿ ಧಾಟಿಯೂ ದನಿಯೂ ಸೇರಿ ಉಳೀತವೆ.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿ ಇದಕ್ಕಿಂತ ದೊಡ್ಡ ಹೆಸರು ಮಾಡಿತು. 2010ರಲ್ಲಿ ಜಿಐ ಬಂತು. ಹದಿನಾಲ್ಕು ಥರದ ಹೊಲಿಗೆ ಅಲ್ಲಿ ಎಣಿಸ್ತಾರೆ: ಮಾಕಿ, ವೇಲೆ, ರೇಲೋ, ಜೋಲ್ಯಾ, ನಾಕ್ರಾ, ಹಿಂಗೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1755 ತುಂಡುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಸಂತೋಷ. ಆದರೆ ವಿಮರ್ಶೆ ಮಾಡೋನು ಕೇಳಬೇಕಾದ ಪ್ರಶ್ನೆ ಬೇರೆ. ಆ 1755ರಲ್ಲಿ ನಿಮ್ಮ ಕಣ್ಣು ಹಿಡಿದು ನಿಲ್ಲಿಸಿದ್ದು ಯಾವುದು? ಅದನ್ನು ಹೊಲಿದವಳು ಯಾರು? ಜಾತ್ರೆಯಲ್ಲಿ ನೂರು ಜನ ಕೋಲು ಹೊಡೆದರೆ ಸದ್ದು ದೊಡ್ಡದು, ನೋಡೋಕೂ ಚೆಂದ. ಆದರೆ ಒಳ್ಳೇ ಹೆಜ್ಜೆ ಹಾಕೋನು ಯಾರು ಅಂತ ಊರವರಿಗೆ ಗೊತ್ತಿರುತ್ತೆ, ಹೆಸರು ಹಿಡಿದು ಕರೀತಾರೆ. ಸೂಜಿಯವರಿಗೂ ಅಷ್ಟು ಸಿಗಬೇಕು.

ಸೂಜಿಗೂ ಹಾಡಿಗೂ ನಂಟು ಅಂತ ನಾನೊಬ್ಬನೇ ಹೇಳೋದಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ವಿಯೊಲೆಟಾ ಪಾರ್ರಾ ಅಂತ ಜಾನಪದ ಹಾಡುಗಾರ್ತಿ ಇದ್ದಳು. 1917ರಲ್ಲಿ ಹುಟ್ಟಿದವಳು. ಗಿಟಾರು ಹೆಗಲಿಗೆ ಹಾಕ್ಕೊಂಡು ಹಳ್ಳಿ ಹಳ್ಳಿ ತಿರುಗಿ ಮುದುಕ ಮುದುಕಿಯರ ಪದ ಕೂಡಿಸಿದವಳು. ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಸುಮ್ಮನಿರಲಾರದೆ ಗೋಣಿಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಚಿತ್ರ ಹೊಲಿಯೋಕೆ ಶುರು ಮಾಡಿದಳು. 1964ರಲ್ಲಿ ಆ ಗೋಣಿಬಟ್ಟೆಗಳು ಪ್ಯಾರಿಸ್ಸಿನಲ್ಲಿ, ಲೂವ್ರ್ ಅರಮನೆಯೊಳಗಿನ ಅಲಂಕಾರ ಕಲೆಯ ಮ್ಯೂಸಿಯಂನಲ್ಲಿ ಪ್ರದರ್ಶನ ಆದವು. ನಮ್ಮ ಮೇಷ್ಟ್ರು ಒಬ್ಬರು ಫೋನಿನಲ್ಲಿ ಚಿತ್ರ ತೋರಿಸಿದರು. ಮನುಷ್ಯರ ಕೈಕಾಲು ಅಳತೆಗೆ ಇಲ್ಲ, ಹೊಲಿಗೆ ಒರಟು. ಆದರೆ ನೋಡಿದ ಕೂಡಲೇ ಇವಳು ಹಾಡೋಳು ಅಂತ ಅನ್ನಿಸುತ್ತೆ. ದಾರ ಸುತ್ತಿ ಸುತ್ತಿ ಹೋಗುತ್ತೆ, ಪಲ್ಲವಿ ತಿರುಗಿ ತಿರುಗಿ ಬಂದಂಗೆ.

ಅವಳು ಸತ್ತ ಮೇಲೆ, 1973ರಲ್ಲಿ ಆ ದೇಶದಲ್ಲಿ ಸೈನ್ಯದವರು ಆಡಳಿತ ಕಿತ್ಕೊಂಡರು. ಎಷ್ಟೋ ಗಂಡಸರನ್ನು ಎತ್ತಿಕೊಂಡು ಹೋದರು, ಅವರು ತಿರುಗಿ ಬರಲಿಲ್ಲ. ಅವರ ಹೆಂಡತಿಯರು, ತಾಯಂದಿರು ಚರ್ಚಿನ ಆಸರೆಯಲ್ಲಿ ಕೂತು ಹಳೇ ಬಟ್ಟೆ ಚೂರುಗಳನ್ನು ಗೋಣಿಯ ಮೇಲೆ ಹೊಲಿದು ನಡೆದದ್ದನ್ನು ಚಿತ್ರ ಮಾಡಿದರು. ಕೆಲವರು ಕಾಣೆಯಾದವರ ಅಂಗಿ ಚೂರನ್ನೇ ಸೇರಿಸಿದರು. ಪತ್ರಿಕೆಗಳು ಬರೀಲಾರದ್ದನ್ನು ಆ ಬಟ್ಟೆಗಳು ಹೊರದೇಶಕ್ಕೆ ಹೋಗಿ ಹೇಳಿದವು. ಇದನ್ನು ಕೇಳಿದಾಗ ನನಗೆ ಆ ಕಾಕಿ ಬೊಂತೆ ನೆನಪಾಯ್ತು. ದುಃಖ ಬೇರೆ ಬೇರೆ, ಆದರೆ ಬಟ್ಟೆ ಚೂರಿನಲ್ಲಿ ಮನುಷ್ಯನನ್ನು ಇಟ್ಟುಕೊಳ್ಳೋ ರೀತಿ ಒಂದೇ.

ಈಚಿನದು ಒಂದು ಹೇಳ್ತೀನಿ. ಇಂಗ್ಲೆಂಡಿನ ಕರ್ಸ್ಟಿ ಮ್ಯಾಕ್ಲೌಡ್ ಅನ್ನೋ ಕಲಾವಿದೆ ಒಂದು ಕೆಂಪು ಉಡುಪನ್ನು 2009ರಿಂದ 2023ರವರೆಗೆ ತುಂಡು ತುಂಡಾಗಿ ದೇಶ ದೇಶಕ್ಕೆ ಕಳಿಸಿ ಕಸೂತಿ ಹಾಕಿಸಿದಳು. 51 ದೇಶದ 380 ಜನ, ಬಹುಪಾಲು ಹೆಂಗಸರು, ಅವರವರ ಕಥೆ ಅವರವರ ಹೊಲಿಗೆಯಲ್ಲಿ ಹಾಕಿದ್ದಾರೆ. ಯಾರು ಹೊಲಿದರು ಅನ್ನೋ ಲೆಕ್ಕ ಇಟ್ಟಿದ್ದಾರೆ, ಅದಕ್ಕೇ ನಾನು ಇದನ್ನು ಮೆಚ್ಚುತೀನಿ. ಆ ಬಟ್ಟೆ ಡೂಪಿಯನ್ ರೇಷ್ಮೆ. ಹುಳ ಸಾಕೋ ನಮಗೆ ಅದು ಗೊತ್ತಿರೋ ವಿಷಯ. ಚಂದ್ರಿಕೆಯಲ್ಲಿ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ ಅದು ಜೋಡಿ ಗೂಡು. ಮಾರುಕಟ್ಟೆಯಲ್ಲಿ ಅದನ್ನು ಆರಿಸಿ ಪಕ್ಕಕ್ಕೆ ಹಾಕ್ತಾರೆ, ರೇಟು ಕಮ್ಮಿ, ಎಳೆ ಸಿಕ್ಕಾಗಿ ಗಂಟು ಗಂಟು ಬರುತ್ತೆ ಅಂತ. ಆ ಗಂಟೆಳೆಯಿಂದಲೇ ಡೂಪಿಯನ್ ಆಗೋದು, ಆ ಗಂಟೇ ಆ ಬಟ್ಟೆಯ ಚೆಂದ. ನಾವು ಕಳಪೆ ಅಂತ ಬೇರೆ ಹಾಕೋ ಗೂಡಿನ ಜಾತಿಯ ರೇಷ್ಮೆ ಮೇಲೆ ಲೋಕದ ಹೆಂಗಸರು ತಮ್ಮ ಬದುಕು ಬರೆದಿದ್ದಾರೆ.

ತಿರುಗಿ ನಮ್ಮೂರಿಗೆ ಬರೋಣ. ಈಗ ಹೊಸೂರಿನಲ್ಲಿ ಮದುವೆ ರವಿಕೆಗೆಲ್ಲ ಆರಿ ವರ್ಕು. ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆ ಸೂಜಿಯಲ್ಲಿ ಸರಪಳಿ ಹೊಲಿಗೆ, ಮಣಿ, ಜರಿ. ನಮ್ಮ ಹುಡುಗಿಯರೂ ಫೋನ್ ನೋಡಿ, ಕ್ಲಾಸಿಗೆ ಹೋಗಿ ಕಲೀತಾ ಇದ್ದಾರೆ. ಇದನ್ನು ಹಳಬರು ಹೀಯಾಳಿಸೋದು ನನಗೆ ಇಷ್ಟವಿಲ್ಲ. ಕೈಯಲ್ಲಿ ದುಡ್ಡು ಆಡ್ತೈತೆ, ಬೆನ್ನು ಬಗ್ಗಿಸಿ ದುಡೀತಾರೆ. ಆದರೆ ತೂಗೋದಾದರೆ ತೂಗಬೇಕು. ಒಂದು ರವಿಕೆಯ ನವಿಲು ಇನ್ನೊಂದರ ನವಿಲೇ. ಕೊಳ್ಳೋರು ಫೋನಿನಲ್ಲಿ ಚಿತ್ರ ತೋರಿಸಿ ಹಿಂಗೇ ಬೇಕು ಅಂತಾರೆ, ಹೊಲಿಯೋಳಿಗೆ ಮಾತಾಡೋ ಜಾಗವೇ ಇಲ್ಲ. ಇದೂ ದಿಂಬಿನ ಕವರಿನ ಗಿಳಿಯ ಕಥೆಯೇ. ಇನ್ನು ಕಂಪ್ಯೂಟರ್ ಮಿಷನ್ನಿನ ಕಸೂತಿ. ಅದರ ಹಿಂಬದಿ ತಿರುಗಿಸಿದರೆ ಬಿಳೀ ಕಾಗದದಂಥ ಬಟ್ಟೆ ಅಂಟಿಸಿರುತ್ತೆ. ತಪ್ಪೂ ಇಲ್ಲ, ತಿದ್ದಿದ್ದೂ ಇಲ್ಲ. ಒಪ್ಪವಾಗಿದೆ, ಅಷ್ಟೇ.

ಆದರೆ ಆರಿ ಕಲಿತ ಒಂದು ಹುಡುಗಿ ತಾನೇ ಮಾಡ್ಕೊಂಡ ಒಂದು ಬಟ್ಟೆ ನೋಡಿದೆ. ಮುಂಜಾನೆ ಕಾರ್ಖಾನೆ ಬಸ್ಸಿಗೆ ಕಾಯೋ ಹುಡುಗಿಯರ ಸಾಲು. ಮುಖ ಹೊಲಿದಿಲ್ಲ, ಬರೀ ಜಡೆ, ಊಟದ ಡಬ್ಬಿ, ಶಾಲು. ಬಸ್ಸಿನ ದೀಪಕ್ಕೆ ಮಾತ್ರ ಎರಡು ಜರಿ ಮಣಿ. ಮದುವೆ ರವಿಕೆಯಲ್ಲಿ ಸಾವಿರ ಮಣಿ ಹಾಕೋ ಕೈ ಇಲ್ಲಿ ಎರಡೇ ಹಾಕೈತೆ. ಅಷ್ಟು ತಡೆದು ಹಾಡೋದು ಪದಗಾರರಲ್ಲೂ ಎಲ್ಲರಿಗೂ ಬರಲ್ಲ. ಶಾಲು ಇನ್ನೂ ಸ್ವಲ್ಪ ಒಪ್ಪವಾಗಬಹುದಿತ್ತು, ಎಡಗಡೆ ತುಂಬಾ ಜಾಗ ಸುಮ್ಮನೆ ಬಿದ್ದೈತೆ. ಆದರೂ ಇದು ಈ ವರ್ಷ ನಮ್ಮ ಸೀಮೆಯಲ್ಲಿ ನಾನು ಕಂಡ ಒಳ್ಳೇ ಪದ. ಅವಳ ಮನೆಯವರು ಅದನ್ನು ಮಿಕ್ಸಿ ಮೇಲೆ ಹೊದಿಸಿದ್ದರು.

ಅದಕ್ಕೇ ಮೇಷ್ಟ್ರುಗಳಲ್ಲಿ, ವಾಚನಾಲಯದವರಲ್ಲಿ ನನ್ನ ಕೋರಿಕೆ ಮೂರು. ಒಂದು, ಮಕ್ಕಳಿಗೆ ಮನೆಯ ಬೊಂತೆ, ಚೌಕಟ್ಟು, ದಿಂಬಿನ ಕವರು ನೋಡ್ಕೊಂಡು ಬಂದು ಬರೆಯೋಕೆ ಹೇಳಿ: ಯಾರು ಹೊಲಿದರು, ಯಾವ ಬಟ್ಟೆ, ಯಾರ ಅಂಗಿ, ಎಲ್ಲಿ ಲೆಕ್ಕ ಬದಲಾಯ್ತು. ಎರಡು, ಯುಗಾದಿ ಸಮಯದಲ್ಲಿ ವಾಚನಾಲಯದ ಜಗುಲಿಯಲ್ಲಿ ಹಗ್ಗ ಕಟ್ಟಿ ಇವನ್ನು ಒಂದು ದಿನ ನೇತುಹಾಕೋಣ. ಹಿಂಬದಿಯೂ ಕಾಣೋಹಂಗೆ ನೇತುಹಾಕೋಣ. ಬಹುಮಾನ ಬೇಡ, ಮಾತಾಡೋಣ. ಚೆನ್ನಾಗಿದ್ದರೆ ಯಾಕೆ ಅಂತ ಹೇಳೋಣ, ಇಲ್ಲದಿದ್ದರೂ ಯಾಕೆ ಅಂತ ಹೇಳೋಣ. ಮೂರನೆಯದು, ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿ ಹೊಲಿದವಳ ಹೆಸರು ಬರೀಬೇಕು. ಇಂಥವರ ಹೆಂಡತಿ, ಇಂಥವರ ಸೊಸೆ ಅಂತ ಬರೀಬೇಡಿ. ಅವಳ ಹೆಸರೇ ಬರೀರಿ. ಬರೆಯೋಕೆ ಬರೋ ಅಜ್ಜಿಯರ ಕೈಗೆ ಪೆನ್ನು ಕೊಡಿ. ಬರದವರಿಗೆ ಸೂಜಿ ದಾರ ಕೊಡಿ, ಮೊಮ್ಮಕ್ಕಳು ಅಕ್ಷರ ತೋರಿಸಲಿ. ಎಳೆ ಎಣಿಸೋಕೆ ಬರೋರಿಗೆ ಅಕ್ಷರ ಕಷ್ಟವಲ್ಲ.